ಬ್ರೇಕ್ ಬಿಡಿ, ಗುದ್ದುವುದು ಕಲಿಯಿರಿ: ಬರ್ನ್‌ಔಟ್ ಆಡುವ ಬಗೆ

ಜಖಂ ಆದ ಕಾರುಗಳನ್ನು ನೋಡಿ ರಿಪೇರಿ ಖರ್ಚಿನ ಅಂದಾಜು ಬರೆಯುವುದು ನನ್ನ ಹೊಟ್ಟೆಪಾಡು. ಬಂಪರ್ ಹೋಗಿದೆಯಾ, ರೇಡಿಯೇಟರ್ ಸೋರುತ್ತಿದೆಯಾ, ಚಾಸಿ ಬಾಗಿದೆಯಾ, ದಿನವಿಡೀ ಇದೇ. ಅಂಥವನು ರಾತ್ರಿ ಮನೆಗೆ ಬಂದು ಬರ್ನ್‌ಔಟ್ ಅನ್ನುವ, ಕಾರು ಗುದ್ದಿಸುವ ವಿಡಿಯೋ ಆಟಕ್ಕೆ ಕೂರುತ್ತಾನೆ ಅಂದರೆ ಜೊತೆಯ ಕೆಲಸದವರಿಗೆ ನಗು. ನಗಲಿ ಬಿಡಿ. ಆಟದಲ್ಲಿ ಬಿಲ್ಲು ದೊಡ್ಡದಾದಷ್ಟೂ ನಾನೇ ಗೆದ್ದ ಹಾಗೆ, ಆ ಸುಖ ಅವರಿಗೇನು ಗೊತ್ತು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಗ್ರ್ಯಾನ್ ಟುರಿಸ್ಮೊ ಅನ್ನುವ, ಅಚ್ಚುಕಟ್ಟಾಗಿ ಓಡಿಸಬೇಕಾದ ರೇಸಿಂಗ್ ಆಟ ಆಡಿ ಪಳಗಿದ ಕೈ ನನ್ನದು. ತಿರುವಿಗೆ ಮುಂಚೆ ಬ್ರೇಕ್, ಪಕ್ಕದ ಕಾರಿನಿಂದ ಒಂದು ಮಾರು ದೂರ, ಒಳಅಂಚು ಹಿಡಿದು ಹೊರಅಂಚಿಗೆ ಬರುವುದು. ಬರ್ನ್‌ಔಟ್ 3ರಲ್ಲೂ ಹಾಗೇ ಓಡಿಸಿದೆ. ಆರು ಕಾರುಗಳ ರೇಸಿನಲ್ಲಿ ಬಹಳ ಮರ್ಯಾದೆಯಿಂದ ಐದನೆಯವನೋ ಆರನೆಯವನೋ ಆಗಿ ಬರುತ್ತಿದ್ದೆ. ಹಿಂದೆ ಕೂತು ನೋಡುತ್ತಿದ್ದ ಅಕ್ಕನ ಮಗಳು ಒಂದು ದಿನ ಕೇಳಿದಳು: “ಮಾಮ, ನೀನು ಯಾಕೆ ಎಲ್ರಿಗೂ ದಾರಿ ಬಿಡ್ತೀಯಾ?”

ಈ ಆಟದ ಗುಟ್ಟೆಲ್ಲ ಆ ಪ್ರಶ್ನೆಯಲ್ಲೇ ಇತ್ತು. ಬೇರೆ ರೇಸಿಂಗ್ ಆಟಗಳಲ್ಲಿ ಗುದ್ದಿದರೆ ಶಿಕ್ಷೆ. ಇಲ್ಲಿ ಗುದ್ದಿದ ಮೇಲೂ ಆಟ ನಿಮ್ಮ ಕೈಯಲ್ಲೇ ಇರುತ್ತದೆ. ಅದು ತಲೆಗೆ ಹೋಗುವವರೆಗೆ ಮಜಾ ಹತ್ತುವುದಿಲ್ಲ.

ಯಾವುದರಿಂದ ಶುರು ಮಾಡಬೇಕು? ಬರ್ನ್‌ಔಟ್ ಒಂದೇ ಆಟವಲ್ಲ, ಸರಣಿ. ಅದನ್ನು ಮಾಡಿದವರು ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಕ್ರೈಟೀರಿಯನ್ ಗೇಮ್ಸ್. ಮೊದಲ ಬರ್ನ್‌ಔಟ್ ಬಂದದ್ದು 2001ರಲ್ಲಿ. ಬೇಕೆಂದೇ ಗುದ್ದಿಸುವ ಕ್ರ್ಯಾಶ್ ಮೋಡ್ 2002ರ ಎರಡನೆಯ ಆಟದಲ್ಲಿ ಸೇರಿತು. ಎದುರಾಳಿಯನ್ನು ಗುದ್ದಿ ಉರುಳಿಸುವ ಟೇಕ್‌ಡೌನ್ 2004ರ ಮೂರನೆಯದರಲ್ಲಿ. ಹಳೆಯ ಪ್ಲೇಸ್ಟೇಷನ್ 2 ಅಥವಾ ಮೊದಲ ಎಕ್ಸ್‌ಬಾಕ್ಸ್ ಅಟ್ಟದ ಮೇಲೆ ಇದ್ದರೆ ಇಳಿಸಿ, ಮೂರನೆಯದನ್ನೇ ಹಾಕಿ. ಹೊಸ ಯಂತ್ರ ಮಾತ್ರ ಇದೆ ಅನ್ನುವವರಿಗೆ ಬರ್ನ್‌ಔಟ್ ಪ್ಯಾರಡೈಸ್‌ನ 2018ರ ರೀಮಾಸ್ಟರ್, ಅಂದರೆ ಹೊಸ ಯಂತ್ರಗಳಿಗೆ ತಿದ್ದಿದ ಆವೃತ್ತಿ, ಇದೆ. ಅದೂ ಒಳ್ಳೆಯದೇ, ಆದರೆ ರುಚಿ ಬೇರೆ. ಅದರ ಮಾತು ಆಮೇಲೆ.

ಮೊದಲ ದಿನ ಗೆಲ್ಲಲು ಹೋಗಬೇಡಿ. ಎದುರಿನಿಂದ ವಾಹನ ಬರುವ ಬದಿಯಲ್ಲೇ ಓಡಿಸಿ. ಹುಚ್ಚುತನ ಅನ್ನಿಸುತ್ತದೆ, ಆದರೆ ಇಂಧನ ಸಿಗುವುದೇ ಅಲ್ಲಿ. ಎದುರು ಬದಿಯಲ್ಲಿ ಹೋದರೆ, ಲಾರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿದರೆ, ತಿರುವಿನಲ್ಲಿ ಕಾರನ್ನು ಜಾರಿಸಿದರೆ ಬೂಸ್ಟ್ ಪಟ್ಟಿ (ಗುಂಡಿ ಒತ್ತಿದರೆ ಕಾರಿಗೆ ಹೆಚ್ಚಿನ ವೇಗ ಕೊಡುವ ಇಂಧನದ ಅಳತೆ) ತುಂಬುತ್ತದೆ. ಹುಷಾರಾಗಿ ಓಡಿಸುವವನ ಪಟ್ಟಿ ಖಾಲಿಯೇ. ಒಂದು ಟೇಕ್‌ಡೌನ್ ಮಾಡಿದರೆ ಪಟ್ಟಿಯೇ ಉದ್ದವಾಗುತ್ತದೆ, ನಾಲ್ಕು ಪಟ್ಟಿನವರೆಗೆ. ನೀವೇ ಗುದ್ದಿಕೊಂಡರೆ ಒಂದು ತುಂಡು ಕಡಿಮೆ.

ಕಣ್ಣಿಗೂ ಸ್ವಲ್ಪ ಅಭ್ಯಾಸ ಬೇಕು. ಎದುರು ಬರುವ ಕಾರನ್ನು ದಿಟ್ಟಿಸಿದರೆ ಕೈ ತಾನಾಗಿ ಅದರ ಕಡೆಗೇ ತಿರುಗುತ್ತದೆ. ನನಗೆ ಎರಡು ವಾರ ಆಗಿದ್ದೇ ಇದು. ಎರಡು ವಾಹನಗಳ ನಡುವಿನ ಸಂದಿಯನ್ನು ನೋಡಿ, ಅದೂ ರಸ್ತೆ ದೂರದಲ್ಲಿ ಕಿರಿದಾಗುವ ಕಡೆ. ಸೆಕೆಂಡಿಗೆ 60 ಚಿತ್ರಗಳಂತೆ ಓಡುವ ಆಟ, ಹಾಗಾಗಿ ದೂರದ ಚುಕ್ಕೆಯೂ ಸ್ಪಷ್ಟ. ಬ್ರೇಕ್ ಬೇಕಾಗುವುದು ಜಾರುವುದನ್ನು ಶುರು ಮಾಡಲು ಮಾತ್ರ, ಒಂದು ಸಲ ತಟ್ಟಿ ಬಿಟ್ಟರೆ ಸಾಕು.

ಟೇಕ್‌ಡೌನಿನಲ್ಲಿ ಹೊಸಬರು ಮಾಡುವುದು ಒಂದೇ ತಪ್ಪು: ನೇರ ಹಿಂದಿನಿಂದ ಗುದ್ದುತ್ತಲೇ ಇರುವುದು. ಅದರಿಂದ ಎದುರಾಳಿಗೆ ಮುಂದಕ್ಕೆ ಒಂದು ತಳ್ಳು ಸಿಗಬಹುದು ಅಷ್ಟೇ. ಅವನ ಹಿಂದಿನ ಚಕ್ರದ ಪಕ್ಕಕ್ಕೆ ನಿಮ್ಮ ಮೂತಿ ಬರಲಿ. ಆಮೇಲೆ ರಸ್ತೆ ನೋಡಿ. ಮುಂದೆ ಸೇತುವೆಯ ಕಂಬ ಇದೆಯೋ, ಗೋಡೆ ಇದೆಯೋ, ಎದುರಿನಿಂದ ಬಸ್ಸು ಬರುತ್ತಿದೆಯೋ? ಅದಕ್ಕೆ ಕಾಯ್ದು ಒಮ್ಮೆ ಜೋರಾಗಿ ತಿರುಗಿಸಿ. ಗುದ್ದುವ ಬಲಕ್ಕಿಂತ ಗುದ್ದುವ ಜಾಗ ಮುಖ್ಯ. (ನನ್ನ ಕೆಲಸದಲ್ಲೂ ಹಾಗೇ. ಕಾರಿಗಿಂತ ಕಂಬವೇ ಹೆಚ್ಚು ಖರ್ಚು ತರುತ್ತದೆ.) ಉರುಳಿದವನನ್ನು ಕ್ಯಾಮೆರಾ ತೋರಿಸುತ್ತದೆ, ನೋಡಿ ಖುಷಿಪಡಿ, ಆದರೆ ಹೆಬ್ಬೆರಳು ಸಡಿಲ ಬಿಡಬೇಡಿ. ಕ್ಯಾಮೆರಾ ನಿಮ್ಮ ಕಾರಿಗೆ ಮರಳುವ ಹೊತ್ತಿಗೆ ಮುಂದೆ ಲಾರಿ ಇದ್ದೇ ಇರುತ್ತದೆ, ನನ್ನ ಹಣೆಬರಹದಲ್ಲಂತೂ.

ಇನ್ನು ನೀವೇ ಗುದ್ದಿಕೊಂಡಾಗ. ಇಲ್ಲಿ ಹೊಸಬರು ನಿಟ್ಟುಸಿರು ಬಿಟ್ಟು ಕೈಯ ಕಂಟ್ರೋಲರ್ ತೊಡೆಯ ಮೇಲಿಡುತ್ತಾರೆ. ಇಡಬೇಡಿ! ಬೂಸ್ಟ್ ಗುಂಡಿ ಒತ್ತಿ ಹಿಡಿಯಿರಿ, ಕಾಲ ನಿಧಾನವಾಗುತ್ತದೆ. ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಿರುವ ನಿಮ್ಮ ತಗಡನ್ನು ಈಗಲೂ ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಇದಕ್ಕೆ ಆಫ್ಟರ್‌ಟಚ್ ಅಂತ ಹೆಸರು. ಹಿಂದಿನಿಂದ ಬರುವ ಎದುರಾಳಿಯ ದಾರಿಗೆ ಅದನ್ನು ತಂದು ಹಾಕಿದರೆ ಅವನೂ ಉರುಳುತ್ತಾನೆ, ಕಳೆದ ಬೂಸ್ಟೂ ಮರಳಿ ಸಿಗುತ್ತದೆ. ಸೋತ ಆ ಕ್ಷಣದಲ್ಲಿ ಆಟಗಾರನ ಕೈಗೆ ಇನ್ನೊಂದು ದಾಳ ಕೊಟ್ಟವರು ಯಾರೋ, ಅವರಿಗೆ ನನ್ನ ನಮಸ್ಕಾರ. ಮೊದಲ ಸಲ ಇದು ಕೈಗೂಡಿದಾಗ ನಾನು ಎದ್ದು ನಿಂತುಬಿಟ್ಟಿದ್ದೆ.

ಕ್ರ್ಯಾಶ್ ಮೋಡ್ ನನ್ನ ಪಾಲಿಗೆ ಆಟದ ಹೃದಯ. ಮೂರನೆಯ ಆಟದಲ್ಲಿ ಇಂಥ 100 ಕೂಡುರಸ್ತೆಗಳಿವೆ. ರೇಸಿಲ್ಲ, ಎದುರಾಳಿಯಿಲ್ಲ. ಒಂದು ಜಂಕ್ಷನ್, ತುಂಬಿ ಹರಿಯುವ ವಾಹನಗಳು, ನೀವು. ಒಳಗೆ ನುಗ್ಗಿ ಎಷ್ಟು ಹಾನಿ ಮಾಡಿದಿರಿ ಅಂತ ಡಾಲರಿನಲ್ಲಿ ಲೆಕ್ಕ. ನೋಡಲು ಹುಡುಗಾಟ, ಆಡಲು ಕೇರಂ ಬೋರ್ಡು. ಮೊದಲ ಹೊಡೆತಕ್ಕೆ ಕಾಯಿ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಯೋಚಿಸಿಯೇ ಹೊಡೆಯಬೇಕು.

ಮೊದಲ ಸಲ ಅಂಕದ ಆಸೆ ಬಿಟ್ಟು ಸುಮ್ಮನೆ ಹೋಗಿ ಗುದ್ದಿ, ಯಾವ ರಸ್ತೆಯಿಂದ ಯಾವಾಗ ಏನು ಬರುತ್ತದೆ ನೋಡಿಕೊಳ್ಳಿ. ಬಸ್ಸು, ಟ್ಯಾಂಕರ್, ಟ್ರೈಲರ್ ಲಾರಿ ಎಷ್ಟನೆಯದಾಗಿ ಬಂತು ಅಂತ ಎಣಿಸಿ. ಎರಡನೆಯ ಸಲ ದೊಡ್ಡ ವಾಹನವನ್ನು ಅಡ್ಡ ನಿಲ್ಲಿಸುವ ಹಾಗೆ ಗುದ್ದಿ. ಅಡ್ಡ ನಿಂತ ಒಂದು ಬಸ್ಸು ರಸ್ತೆಗೆ ಬೀಗ ಹಾಕಿದ ಹಾಗೆ, ಹಿಂದೆ ಬರುವವರೆಲ್ಲ ತಾವಾಗಿ ಬಂದು ಗುದ್ದುತ್ತಾರೆ. ಸಾಕಷ್ಟು ವಾಹನ ಗುದ್ದಿದ ಮೇಲೆ ಕ್ರ್ಯಾಶ್‌ಬ್ರೇಕರ್ ಸಿಗುತ್ತದೆ, ಅಂದರೆ ನಿಮ್ಮ ಕಾರನ್ನೇ ಬಾಂಬಿನಂತೆ ಸಿಡಿಸುವ ಅವಕಾಶ. ಸಿಕ್ಕಿದ ಕೂಡಲೇ ಒತ್ತುವುದು ಎಲ್ಲರ ದುರಾಸೆ. ಒಂದೆರಡು ಉಸಿರು ತಡೆಯಿರಿ, ರಾಶಿ ಬೆಳೆಯಲಿ, ಟ್ಯಾಂಕರ್ ಹತ್ತಿರ ಬರಲಿ. ಸಿಡಿದ ಮೇಲೆ ನೀವು ಗಾಳಿಯಲ್ಲಿರುತ್ತೀರಿ, ಆಗ ಆಫ್ಟರ್‌ಟಚ್‌ನಿಂದ ಇನ್ನೊಂದು ರಸ್ತೆಯ ಮೇಲೆ ಇಳಿಯಿರಿ.

ರಸ್ತೆಯಲ್ಲಿ ತೇಲುವ ಚಿಹ್ನೆಗಳೂ ಇವೆ. ಎರಡು ಪಟ್ಟಿನದು, ನಾಲ್ಕು ಪಟ್ಟಿನದು ಮುಟ್ಟಿದರೆ ಮೊತ್ತ ಅಷ್ಟು ಪಟ್ಟು. ಹಾರ್ಟ್‌ಬ್ರೇಕರ್ ಅನ್ನುವುದೊಂದಿದೆ, ಅದು ತಗುಲಿದರೆ ಮೊತ್ತ ಅರ್ಧ. ನಾಲ್ಕು ಪಟ್ಟಿನ ಚಿಹ್ನೆ ಸಾಮಾನ್ಯವಾಗಿ ಸುಲಭಕ್ಕೆ ಸಿಗದ ಕಡೆಯೇ ಇರುತ್ತದೆ, ಅದನ್ನು ಹೇಗೆ ತಲುಪುವುದು ಅಂತ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಪೂರ್ತಿ ವೇಗದಲ್ಲಿ ನುಗ್ಗಿದರೆ ಎಷ್ಟೋ ಜಂಕ್ಷನ್‌ಗಳಲ್ಲಿ ಅದರ ಮೇಲೆ ಹಾರಿಹೋಗುತ್ತೀರಿ. ಅಲ್ಲಿ ಮಾತ್ರ, ಹೌದು, ಬ್ರೇಕ್ ಒತ್ತಿ.

ಮುಂದಿನ ಆಟಗಳ ಬಗ್ಗೆ ಚುಟುಕಾಗಿ. 2005ರ ರಿವೆಂಜ್‌ನಲ್ಲಿ ನಿಮ್ಮ ದಿಕ್ಕಿನಲ್ಲೇ ಹೋಗುವ ಸಣ್ಣ ವಾಹನಗಳನ್ನು ಹಿಂದಿನಿಂದ ಗುದ್ದಿ ಎದುರಾಳಿಯ ಮೇಲೆ ಎಸೆಯಬಹುದು. ಮಜಾ ಇದೆ, ಆದರೆ ಸಂದಿ ಹುಡುಕುವ ಭಯ ಅರ್ಧ ಹೋಯಿತು ಅಂತ ನನ್ನ ತಕರಾರು. 2008ರ ಪ್ಯಾರಡೈಸ್ ಒಂದು ಇಡೀ ತೆರೆದ ನಗರ. ಜಂಕ್ಷನ್‌ಗಳ ಬದಲು ಅಲ್ಲಿ ಶೋಟೈಮ್ ಇದೆ, ಎಲ್ಲಿ ಬೇಕಾದರೂ ಕಾರನ್ನು ಚೆಂಡಿನಂತೆ ಪುಟಿಸಿಕೊಂಡು ಹೋಗುವುದು. ಬಸ್ಸು ಕಂಡರೆ ಬಿಡಬೇಡಿ, ಗುಣಕ ಏರುವುದು ಅದರಿಂದಲೇ. ಮುರಿಯಲು 400 ಹಳದಿ ಗೇಟುಗಳು, 120 ಜಾಹೀರಾತು ಫಲಕಗಳಿವೆ. ರೇಸು ಬೇಸರ ಬಂದ ದಿನ ಅವನ್ನೇ ಹುಡುಕಿಕೊಂಡು ಅಲೆಯುತ್ತೇನೆ.

ಒಂದು ಮಾತು, ಕೆಲಸದವನಾಗಿ. ನಿಜವಾದ ಜಖಂ ಕಾರಿನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಸೀಟಿನ ಕಡೆಗೆ, ಏರ್‌ಬ್ಯಾಗ್ ಕಡೆಗೆ. ಪ್ಯಾರಡೈಸ್‌ನ ಕಾರುಗಳಲ್ಲಿ ಓಡಿಸುವವರೇ ಕಾಣುವುದಿಲ್ಲ, ಸೀಟು ಖಾಲಿ. ಕಾರುಗಳ ಹೆಸರೂ ಕಲ್ಪನೆಯದೇ, ಯಾವ ಕಂಪನಿಯದೂ ಅಲ್ಲ. ನೋವು ತೆಗೆದು ತಗಡು, ಗಾಜು, ಕಿಡಿ ಮಾತ್ರ ಉಳಿಸಿದ್ದಾರೆ. ಅದಕ್ಕೇ ಇರಬೇಕು, ಹಗಲಿನ ಕೆಲಸ ಮುಗಿಸಿ ಬಂದವನಿಗೂ ಇದು ಹಿಡಿಸುವುದು. ಹಾನಿಯನ್ನು ಅಚ್ಚುಕಟ್ಟಾಗಿ ಲೆಕ್ಕ ಹಾಕುವ ಬೇರೆ ಸಿಮ್ಯುಲೇಟರ್‌ಗಳನ್ನೂ ಆಡಿ ನೋಡಿದೆ, ಆಫೀಸಿನ ವಾಸನೆ ಬಂತು, ಮುಚ್ಚಿಟ್ಟೆ.

ಕೊನೆಗೆ, ಒಬ್ಬರೇ ಆಡಬೇಡಿ. ಕ್ರ್ಯಾಶ್ ಮೋಡಿಗೆ ಒಂದೇ ಕಂಟ್ರೋಲರ್ ಸಾಕು, ಒಬ್ಬರಾದ ಮೇಲೆ ಒಬ್ಬರು ಕೈ ಬದಲಿಸಿ. ಬಿಲ್ಲಿನ ಮೊತ್ತ ಒಂದು ಹಾಳೆಯಲ್ಲಿ ಬರೆದಿಡಿ. ನಮ್ಮ ಹಾಳೆಯಲ್ಲಿ ನನ್ನ ಹೆಸರು ಮೇಲಿರುವುದು ಮೂರು ಜಂಕ್ಷನ್‌ಗಳಲ್ಲಿ ಮಾತ್ರ. ಉಳಿದದ್ದೆಲ್ಲ ಅಕ್ಕನ ಮಗಳದು, ಅವಳು ಈಗ ಈ ಮೂರರ ಮೇಲೂ ಕಣ್ಣಿಟ್ಟಿದ್ದಾಳೆ.