ಸೆನ್ಸರ್ ಬಾಯಿಗೆ ಹೋಗಬೇಕಾದ್ದು ಕೊನೆಗೆ

ಮಂಡ್ಯದ ವಿವಿ ರೋಡ್ ಹತ್ತಿರ ನನ್ನದೊಂದು ಚಿಕ್ಕ ಹಲ್ಲಿನ ಕ್ಲಿನಿಕ್ ಇದೆ. ಎರಡು ಚೇರ್, ಇಬ್ಬರು ಅಸಿಸ್ಟೆಂಟ್, ಒಂದು ಎಕ್ಸ್‌ರೇ ಮಷೀನ್. ನಾಗಮಂಗಲ, ಮಳವಳ್ಳಿ, ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬರುವವರೇ ಜಾಸ್ತಿ. ಸಂಜೆ ಬಸ್ ತಪ್ಪುತ್ತದೆ ಅನ್ನುವ ಆತುರ ಅವರಿಗೆ, ಬೇಗ ಮುಗಿಸಬೇಕು ಅನ್ನುವ ಆತುರ ನಮಗೆ.

ಅಂಥದ್ದೊಂದು ಸಂಜೆ ಒಬ್ಬ ಅಜ್ಜಿ ಬಂದರು. ಕೆಳದವಡೆಯ ಹಲ್ಲು ನೋವು. ಎಕ್ಸ್‌ರೇ ಚಿತ್ರ ಹಿಡಿದು ಕಂಪ್ಯೂಟರಿಗೆ ಕಳಿಸುವ ಸೆನ್ಸರನ್ನು ಬಾಯೊಳಗೆ ಇಟ್ಟೆವು. ಆಮೇಲೆ ಮಷೀನಿನ ಕೋನ್, ಅಂದರೆ ಕಿರಣ ಹೊರಬರುವ ಕೊಳವೆ, ಎಳೆದು ಕೆನ್ನೆಗೆ ಹೊಂದಿಸಿದೆವು. ಅಷ್ಟರಲ್ಲಿ ಕಂಪ್ಯೂಟರ್ ಸ್ಕ್ರೀನ್ ಕಪ್ಪಾಗಿತ್ತು. ನಮ್ಮ ಹುಡುಗಿ ಓಡಿಹೋಗಿ ಅದನ್ನು ಎಬ್ಬಿಸಿ, ಅಜ್ಜಿಯ ಹೆಸರು, ವಯಸ್ಸು ಟೈಪ್ ಮಾಡಿದಳು. ಅಲ್ಲಿಯವರೆಗೂ ಆ ಗಟ್ಟಿ ಬಿಲ್ಲೆ ಅಜ್ಜಿಯ ನಾಲಿಗೆಯ ಕೆಳಗೆ ಒತ್ತುತ್ತಲೇ ಇತ್ತು. ಕಣ್ಣಲ್ಲಿ ನೀರು. ಮೂರು ಸಲ ತೆಗೆದರೂ ಬೇರಿನ ತುದಿ ಬರಲಿಲ್ಲ. ನಾಲ್ಕನೆಯದಕ್ಕೆ ಹೋದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಬ್ಯಾಡ ಕಣವ್ವ, ಇದಕ್ಕಿಂತ ಹಲ್ನೋವೇ ವಾಸಿ" ಅಂದರು.

ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ನೋವು ಕಳೆಯಲಿ ಅಂತ ಬಂದವರಿಗೆ ನಾವೇ ಇನ್ನೊಂದು ನೋವು ಕೊಟ್ಟು ಕಳಿಸಿದ್ದೆವು.

ಮೊದಲು ನಮ್ಮಲ್ಲಿ ಫಿಲ್ಮ್ ಇತ್ತು. ತೋಳು ತೂರಿಸುವ ಕಪ್ಪು ಡಬ್ಬದೊಳಗೆ ಅದನ್ನು ತೊಳೆಯುವ ಡೆವಲಪರ್, ನೀರು, ಫಿಕ್ಸರ್ ಬಟ್ಟಲುಗಳು. ಕೋಟಿನ ಮೇಲೆ ಹೋಗದ ಕಂದು ಕಲೆ, ಬೆರಳ ಸಂದಿನಲ್ಲಿ ತುರಿಕೆ, ಊಟಕ್ಕೆ ಕೂತರೂ ಫಿಕ್ಸರಿನ ಹುಳಿ ವಾಸನೆ. ಸೆನ್ಸರ್ ಬಂದ ದಿನ ನಾವು ಮೂವರೂ ಖುಷಿಪಟ್ಟಿದ್ದೆವು. ಕೆಮಿಕಲ್ ಕಾಟ ತಪ್ಪಿದ್ದು ನಿಜ. ಆದರೆ ಫಿಲ್ಮ್ ಸ್ವಲ್ಪವಾದರೂ ಬಾಗುತ್ತಿತ್ತು, ಸೆನ್ಸರ್ ಬಾಗುವುದಿಲ್ಲ. ದಪ್ಪ ಜಾಸ್ತಿ, ಮೇಲೆ ವೈರು ಬೇರೆ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಅಭ್ಯಾಸದ್ದು. ಫಿಲ್ಮ್ ಕಾಲದಲ್ಲಿ ಇನ್ನೊಂದು ತೆಗೆಯಬೇಕು ಅಂದರೆ ಮತ್ತೆ ಅಷ್ಟೂ ತೊಳೆಯುವ ಕೆಲಸ. ಹಾಗಾಗಿ ಮೊದಲ ಸಲಕ್ಕೇ ಜೋಪಾನ ಮಾಡುತ್ತಿದ್ದೆವು. ಈಗ ಚಿತ್ರ ತಕ್ಷಣ ಬರುತ್ತದೆ, ಸರಿಯಿಲ್ಲದಿದ್ದರೆ ಇನ್ನೊಂದು ಹೊಡೆದರಾಯಿತು. ಹೀಗೆ ರಿಪೀಟ್ ಜಾಸ್ತಿಯಾಯಿತು.

ಎಷ್ಟು ಜಾಸ್ತಿ ಅಂತ ತಿಳಿಯಲು ಒಂದು ನೋಟ್‌ಬುಕ್ ಇಟ್ಟೆ. ರಿಪೀಟ್ ಆದಾಗಲೆಲ್ಲಾ ಒಂದೇ ಸಾಲು: ಯಾವ ಹಲ್ಲು, ಯಾಕೆ ಕೆಟ್ಟಿತು. ಯಾರು ತೆಗೆದರು ಅಂತ ಬರೆಯಬಾರದು ಅಂತ ಮೊದಲೇ ಹೇಳಿದ್ದೆ. ಬರೆದಿದ್ದರೆ ಯಾರೂ ನಿಜ ಬರೆಯುತ್ತಿರಲಿಲ್ಲ. ಒಂದು ತಿಂಗಳು ಆದಮೇಲೆ ಮೂವರೂ ಕೂತು ನೋಡಿದೆವು. "ತುದಿ ಕಟ್", "ತುದಿ ಕಟ್", "ಅಲುಗಾಡಿದರು", "ವಾಂತಿ", ಮತ್ತೆ "ತುದಿ ಕಟ್". ಹೆಚ್ಚಿನವು ಕೆಳಗಿನ ದವಡೆ ಹಲ್ಲುಗಳೇ.

ಮೊದಲು ಬದಲಾಯಿಸಿದ್ದು ಕೆಲಸದ ಕ್ರಮ. ಎಕ್ಸ್‌ರೇ ಬೀಳುವುದು ಸೆಕೆಂಡಿನ ಒಂದು ಚೂರು ಹೊತ್ತು ಅಷ್ಟೆ. ಉಳಿದದ್ದೆಲ್ಲಾ ನಮ್ಮ ಹುಡುಕಾಟ. ಈಗ ಪೇಷೆಂಟ್ ಕೂರುವ ಮೊದಲೇ ಹೆಸರು ಸ್ಕ್ರೀನಿನಲ್ಲಿ ತೆರೆದಿರುತ್ತದೆ. ಕಿರಣ ಬೀಳುವ ಟೈಮ್ ಸೆಟ್ ಆಗಿರುತ್ತದೆ. ಕನ್ನಡಕ, ಕಟ್ಟಿಸಿದ ಹಲ್ಲಿನ ಸೆಟ್ ತೆಗೆಸಿ, ಕಿರಣ ತಡೆಯುವ ಏಪ್ರನ್ ಹಾಕಿ, ತಲೆ ಒರಗಿಸಿ, ಕೋನನ್ನು ಕೆನ್ನೆಯ ಹತ್ತಿರ ತಂದು ನಿಲ್ಲಿಸುತ್ತೇವೆ. ಸೆನ್ಸರ್ ಬಾಯಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಕೋನ್ ಒಂದು ಚೂರು ಸರಿಸಿದರೆ ಸಾಕು, ಬಟನ್. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ.

ಆಮೇಲೆ ಕೆಳಗಿನ ದವಡೆ. ಜಾಸ್ತಿ ಜಾಗ ಸಿಗಲಿ ಅಂತ "ದೊಡ್ಡದಾಗಿ ಬಾಯಿ ತೆಗೀರಿ" ಅನ್ನುತ್ತಿದ್ದೆವು. ಆದರೆ ಬಾಯಿ ಪೂರ್ತಿ ತೆರೆದಾಗ ನಾಲಿಗೆಯ ಕೆಳಗಿನ ಸ್ನಾಯು ಬಿಗಿದುಕೊಳ್ಳುತ್ತದೆ. ಆ ಬಿಗಿಯ ಮೇಲೆ ಸೆನ್ಸರಿನ ಅಂಚು ಕೂತರೆ ಚುಚ್ಚದೆ ಇರುತ್ತದಾ? ಈಗ ಅರ್ಧ ಮಾತ್ರ ತೆರೆಸುತ್ತೇವೆ. ಸೆನ್ಸರನ್ನು ವಸಡಿಗೆ ಒತ್ತುವುದಿಲ್ಲ, ನಾಲಿಗೆಯ ಕಡೆಗೆ ಸ್ವಲ್ಪ ಒಳಗೆ ಇಡುತ್ತೇವೆ. ಸೆನ್ಸರ್ ಸಿಕ್ಕಿಸಿರುವ ಹೋಲ್ಡರನ್ನು "ಮೆತ್ತಗೆ ಕಚ್ಚುತ್ತಾ ಬನ್ನಿ" ಅಂದಾಗ ಸ್ನಾಯು ಸಡಿಲವಾಗಿ ಸೆನ್ಸರ್ ತಾನಾಗಿಯೇ ಕೆಳಗೆ ಇಳಿಯುತ್ತದೆ. ತುದಿ ಸಿಗುತ್ತದೆ. ಮೇಲಿನ ಹಲ್ಲಿಗೂ ಹಾಗೆಯೇ. ಅಂಗುಳಿನ ಮಧ್ಯ ಎತ್ತರ ಇರುವ ಕಡೆ ಇಟ್ಟರೆ ಹಲ್ಲಿಗೆ ಸಮಾನಾಂತರವಾಗಿಯೂ ನಿಲ್ಲುತ್ತದೆ, ಒತ್ತುವುದೂ ಇಲ್ಲ.

ಓಕರಿಕೆ ಬರುವವರಿಗೆ ಮುಂದಿನ ಹಲ್ಲಿನಿಂದ ಶುರು ಮಾಡುತ್ತೇವೆ, ಹಿಂದಿನದು ಕೊನೆಗೆ. ಮೂಗಿನಲ್ಲಿ ಉಸಿರಾಡಿಸಿ, ಒಂದು ಕಾಲು ಎತ್ತಿ ಹಿಡಿದುಕೊಳ್ಳಲು ಹೇಳುತ್ತೇವೆ. ಗಮನ ಕಾಲಿಗೆ ಹೋಗುತ್ತದೆ. ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಹಾಕುವುದೂ ಕೆಲವರಿಗೆ ಚೆನ್ನಾಗಿ ಕೆಲಸ ಮಾಡಿದೆ. "ವಾಂತಿ ಬರುತ್ತಾ?" ಅಂತ ಮಾತ್ರ ಕೇಳುವುದಿಲ್ಲ. ಕೇಳಿದರೆ ಬಂದೇ ಬರುತ್ತದೆ.

ಇನ್ನು ನಮ್ಮ ಹುಡುಗಿಯರ ಮಾತು. ಅವರ ಮನಸ್ಸಿನಲ್ಲಿದ್ದ ಭಯ ನನಗೆ ಗೊತ್ತೇ ಇರಲಿಲ್ಲ. ಚಿಕ್ಕವಳಿಗೆ ಮದುವೆಯಾಗಿ ಕೆಲವು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಸ್ಟೆರಿಲೈಸರ್ ಪಕ್ಕ ನಿಂತು ಮೆಲ್ಲಗೆ ಕೇಳಿದಳು: "ಮೇಡಂ, ಎಕ್ಸ್‌ರೇ ರೂಮಲ್ಲಿದ್ರೆ ಮಕ್ಕಳಾಗಲ್ಲ ಅಂತ ನಮ್ಮತ್ತೆ ಹೇಳ್ತಾರೆ. ಹೌದಾ?" ಎಷ್ಟು ದಿನದಿಂದ ಇದನ್ನು ಒಳಗೇ ಇಟ್ಟುಕೊಂಡಿದ್ದಳೋ. ನಾನಾಗಿಯೇ ಮೊದಲು ಹೇಳಬೇಕಾಗಿತ್ತು.

ಅವತ್ತು ಸಂಜೆ ಇಬ್ಬರನ್ನೂ ಕೂರಿಸಿಕೊಂಡೆ. ಸೆನ್ಸರಿನಲ್ಲಿ ತೆಗೆಯುವ ಒಂದು ಹಲ್ಲಿನ ಎಕ್ಸ್‌ರೇಯಿಂದ ಪೇಷೆಂಟಿಗೇ ಬರುವುದು ಕೆಲವೇ ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ಮಣ್ಣು, ಗಾಳಿ, ಆಕಾಶದಿಂದ ಎಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಅಂದರೆ 2,400 ಮೈಕ್ರೋಸೀವರ್ಟ್ ಬರುತ್ತಲೇ ಇರುತ್ತದೆ. ದೂರ ನಿಂತವರಿಗೆ ಬರುವುದು ಚದುರಿದ ಕಿರಣ ಮಾತ್ರ. ದೂರ ಎರಡರಷ್ಟಾದರೆ ಅದು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಮೂರು ಅಡಿಯಲ್ಲಿ ನಿಲ್ಲುವುದಕ್ಕೂ ಆರು ಅಡಿಯಲ್ಲಿ ನಿಲ್ಲುವುದಕ್ಕೂ ಅಷ್ಟು ವ್ಯತ್ಯಾಸ. ಬಟನ್ನಿನ ವೈರ್ ಉದ್ದ ಮಾಡಿಸಿ, ಆರು ಅಡಿ ಆಚೆ, ಕಿರಣ ಹೋಗುವ ದಾರಿಯಿಂದ ಪಕ್ಕಕ್ಕೆ ಸರಿದು, ನೆಲಕ್ಕೆ ಹಳದಿ ಟೇಪ್ ಅಂಟಿಸಿದೆವು. ಅಲ್ಲಿ ನಿಲ್ಲದೆ ಯಾರೂ ಬಟನ್ ಒತ್ತುವಂತಿಲ್ಲ, ನಾನೂ ಕೂಡ. ಮೈಗೆ ಎಷ್ಟು ಕಿರಣ ಬಿತ್ತು ಅಂತ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇಬ್ಬರಿಗೂ ತರಿಸಿದೆ. ಮೂರು ತಿಂಗಳಿಗೊಮ್ಮೆ ಬರುವ ರಿಪೋರ್ಟನ್ನು ಅವರ ಕೈಗೇ ಕೊಡುತ್ತೇನೆ. ಇಂಥ ಕೆಲಸ ಮಾಡುವವರಿಗೆ ಎಇಆರ್‌ಬಿ (ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಹಾಕಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಬಸುರಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್ ಮಾತ್ರ. ಅದಕ್ಕೇ ಗೊತ್ತಾದ ಕೂಡಲೇ ನನಗೆ ಹೇಳು, ಯಾರೂ ಏನೂ ಅನ್ನುವುದಿಲ್ಲ ಅಂದೆ.

ಮಕ್ಕಳ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೆ. ಮಗು ಕೂರದಿದ್ದಾಗ ಅಸಿಸ್ಟೆಂಟ್ ಬೆರಳಿನಿಂದ ಸೆನ್ಸರ್ ಹಿಡಿದುಕೊಳ್ಳುತ್ತಿದ್ದಳು. ಒಂದು ಸಲ ಅಂದರೆ ಏನೂ ಅನ್ನಿಸುವುದಿಲ್ಲ, ಆದರೆ ಅವಳಿಗದು ದಿನದ ಕೆಲಸ. ಅದನ್ನು ಪೂರ್ತಿ ನಿಲ್ಲಿಸಿದೆವು. ಹಿಡಿಯಲೇಬೇಕಾದರೆ ಏಪ್ರನ್ ಹಾಕಿಕೊಂಡು ಅಪ್ಪನೋ ಅಮ್ಮನೋ ಮಗುವನ್ನು ಹಿಡಿದುಕೊಳ್ಳುತ್ತಾರೆ, ಸೆನ್ಸರ್ ಹೋಲ್ಡರಿನಲ್ಲಿರುತ್ತದೆ.

ನಮ್ಮ ಹುಡುಗಿಯರ ಸೊಂಟ, ಭುಜದ ನೋವಿಗೂ ಕಾರಣ ಸಿಕ್ಕಿತು. ಕೋನ್ ಹಿಡಿಯುವ ತೋಳು ಸಡಿಲವಾಗಿ ಜಾರುತ್ತಿತ್ತು. ದೊಡ್ಡವಳು ಪ್ರತಿ ಸಲ ಭುಜ ಕೊಟ್ಟು ನಿಲ್ಲಿಸುತ್ತಿದ್ದಳು. ಮೆಕ್ಯಾನಿಕ್ ಬಂದು ಸ್ಪ್ರಿಂಗ್ ಬಿಗಿ ಮಾಡಿದ್ದು ಅರ್ಧ ಗಂಟೆಯ ಕೆಲಸ. ವರ್ಷಗಟ್ಟಲೆ ಅವಳು ಆ ಭಾರ ಹೊತ್ತಿದ್ದಳು, ನಾನು ನೋಡಿರಲಿಲ್ಲ. ಕಂಪ್ಯೂಟರನ್ನು ಚೇರಿನ ಎದುರಿಗೆ ತಂದಿದ್ದರಿಂದ ತಿರುಗಿ ಬಾಗುವುದು ತಪ್ಪಿತು.

ಇಷ್ಟೆಲ್ಲಾ ಆದರೂ ಕೆಲವರ ಬಾಯಿಯಲ್ಲಿ ಸೆನ್ಸರ್ ಇಡಲು ಆಗುವುದೇ ಇಲ್ಲ. ಅಡಿಕೆ, ಗುಟ್ಕಾ ಅಗಿದು ಕೆನ್ನೆಯ ಒಳಗೆಲ್ಲಾ ನಾರಿನಂತೆ ಗಟ್ಟಿಯಾದವರು. ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯುವುದಿಲ್ಲ, ವಯಸ್ಸು ಇಪ್ಪತ್ತೈದು ಮೂವತ್ತು ಅಷ್ಟೆ. ಅವರನ್ನು ಒತ್ತಾಯ ಮಾಡುವುದಿಲ್ಲ. ಬಾಯಿಯ ಹೊರಗಿನಿಂದ ಎಲ್ಲಾ ಹಲ್ಲನ್ನೂ ಒಟ್ಟಿಗೆ ತೆಗೆಯುವ ಒಪಿಜಿ ಎಕ್ಸ್‌ರೇಗೆ ಬರೆದುಕೊಡುತ್ತೇನೆ. ಹೋದ ವಾರ ಮದ್ದೂರಿನ ಕಡೆಯ ಒಬ್ಬ ಹುಡುಗ ಹಾಗೆ ಬಂದಿದ್ದ. ಅವನ ಪಾಲಿಗೆ ನೋಟ್‌ಬುಕ್ಕಿನಲ್ಲಿ ರಿಪೀಟ್ ಇಲ್ಲ. ನಮ್ಮ ಚಿಕ್ಕವಳು ತಾನಾಗಿಯೇ ಒಂದು ಸಾಲು ಬರೆದಿದ್ದಾಳೆ: "ಬಾಯಿ ತೆರೆಯಲಿಲ್ಲ. ಅಡಿಕೆ ಬಿಡಲು ಹೇಳಿದೆ. ಮುಂದಿನ ಸೋಮವಾರ ಫೋನ್ ಮಾಡಬೇಕು."