ಚೊಚ್ಚಲ ಹೆರಿಗೆ, ಸೂಲಗಿತ್ತಿ ಸಿಸ್ಟರ್ ಜೊತೆ

ಚೊಚ್ಚಲ ಹೆರಿಗೆಗೆ ಗಂಗಾವತಿ ಹತ್ತಿರದ ತವರಿಗೆ ಬಂದಾಗ ಎಲ್ಲರೂ ಕೇಳಿದ್ದು ಯಾವ ಡಾಕ್ಟರಿಗೆ ತೋರಿಸ್ತಿದ್ದೀರಿ ಅಂತ. ಸೂಲಗಿತ್ತಿ ಸಿಸ್ಟರ್‌ಗಳೇ ಹೆರಿಗೆ ಮಾಡಿಸುವ ಕಡೆ ಹೋಗ್ತೀನಿ ಅಂದಾಗ ನಮ್ಮ ಅತ್ತೆಗೆ ಗಾಬರಿಯಾಯಿತು. 'ಈಗಿನ ಕಾಲದಾಗ ಡಾಕ್ಟ್ರಿಲ್ದ ಹೆರಿಗಿ ಯಾಕವ್ವಾ?' ಮನೆಯಲ್ಲಿ ಹೆತ್ತು, ರಕ್ತ ನಿಲ್ಲದೆ ಜೀವ ಬಿಟ್ಟವರನ್ನು ಅವರು ಕಣ್ಣಾರೆ ಕಂಡಿದ್ದರು. ಆ ಭಯಕ್ಕೆ ಉತ್ತರ ಕೊಡಲೇಬೇಕಿತ್ತು.

ಇದು ಮನೆ ಹೆರಿಗೆಯಲ್ಲ. ಈ ಸಿಸ್ಟರ್‌ಗಳು ನರ್ಸಿಂಗ್ ಓದಿದ ಮೇಲೆ ಹೆರಿಗೆಯ ಕೆಲಸವನ್ನೇ ಬೇರೆಯಾಗಿ ಕಲಿತವರು. 2018ರಲ್ಲಿ ಕೇಂದ್ರ ಸರ್ಕಾರ ತಂದ ಮಾರ್ಗಸೂಚಿ ಈ ತರಬೇತಿಗೆ 18 ತಿಂಗಳು ಇಟ್ಟಿದೆ. ತೊಡಕಿಲ್ಲದ ಹೆರಿಗೆ ಅವರ ಕೈಯಲ್ಲಿ, ತೊಡಕು ಕಂಡರೆ ಡಾಕ್ಟರ ಕೈಯಲ್ಲಿ. ಅವಳಿ ಇದ್ದರೆ, ಬಿಪಿ ಜಾಸ್ತಿ ಇದ್ದರೆ, ಮಗುವಿನ ತಲೆ ಕೆಳಗಿರದಿದ್ದರೆ ಮೊದಲೇ ಡಾಕ್ಟರ ಕಡೆ ಕಳಿಸುತ್ತಾರೆ. ನನ್ನ 'ತಾಯಿ ಕಾರ್ಡ್'ನಲ್ಲಿ ಹಿಮೋಗ್ಲೋಬಿನ್ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ಬಿಡದೆ ನುಂಗಿ, ಊಟದ ಹಿಂದೆಮುಂದೆ ಚಹಾ ಬಿಟ್ಟು, ಅದು 11 ದಾಟಿದ ಮೇಲೇ ಹೂಂ ಅಂದರು. ಆಪರೇಷನ್ ಕೋಣೆ ಅದೇ ಕಾಂಪೌಂಡಿನಲ್ಲಿದೆ ಅಂತ ನನ್ನ ಗಂಡ ಹೋಗಿ ನೋಡಿಕೊಂಡು ಬಂದರು.

ಬೇನೆ ರಾತ್ರಿ ಶುರುವಾಯಿತು. ಸಿಸ್ಟರ್‌ಗೆ ಫೋನ್ ಮಾಡಿದರೆ, ಇನ್ನೂ ದೂರದೂರ ಬರ್ತಿದೆ, ಉಂಡು ಮಲಗು ಅಂದರು. ನೀರು ಹೋದರೆ, ರಕ್ತ ಕಂಡರೆ, ಮಗು ಆಡೋದು ಕಡಿಮೆಯಾದರೆ ಮಾತ್ರ ತಡ ಮಾಡದೆ ಬರಬೇಕು. ಬೆಳಿಗ್ಗೆ ಹೋದೆ. ಅಲ್ಲಿ ಯಾರೂ ಮಂಚಕ್ಕೆ ಅಂಟಿಸಲಿಲ್ಲ. ಓಡಾಡಿದೆ, ಕಿಟಕಿ ಸರಳು ಹಿಡಿದು ಬಗ್ಗಿ ನಿಂತೆ, ಅವ್ವ ಸೊಂಟ ತಿಕ್ಕಿದಳು.

ಸಿಸ್ಟರ್ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳುತ್ತಿದ್ದರು. ಒಂದು ಕೈಯಲ್ಲಿ ಹೊಟ್ಟೆಯ ಮೇಲೆ ಬಡಿತ ಕೇಳಿಸುವ ಡಾಪ್ಲರ್ ಯಂತ್ರ, ಇನ್ನೊಂದು ಕೈ ನನ್ನ ನಾಡಿಯ ಮೇಲೆ. ಯಾಕೆ ಅಂತ ಕೇಳಿದೆ. ಕೇಳಿಸ್ತಿರೋದು ತಾಯಿಯದಲ್ಲ, ಮಗುವಿನದೇ ಅಂತ ಖಾತ್ರಿ ಮಾಡಿಕೊಳ್ಳೋಕಂತೆ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ. ಬೇನೆ ಬಂದು ಹೋದ ಮೇಲೂ ಒಂದು ನಿಮಿಷ ಕಿವಿಗೊಟ್ಟು ಕೇಳಿ, 'ಕೂಸು ಚಲೋ ಐತಿ ತಂಗಿ' ಅನ್ನೋರು. ಮುಂದಿನ ಬೇನೆಗೆ ನನಗೆ ಅಷ್ಟೇ ಸಾಕಾಗುತ್ತಿತ್ತು.

ಮಧ್ಯಾಹ್ನ ಧೈರ್ಯ ಮುಗಿಯಿತು. 'ಇನ್ನ ಆಗಂಗಿಲ್ರಿ, ಆಪರೇಷನ್ ಮಾಡಿಬಿಡ್ರಿ' ಅಂತ ಅತ್ತುಬಿಟ್ಟೆ. ಸಿಸ್ಟರ್ ಒಳಗೆ ನೋಡಿ, 'ಹಂಗ ಅನ್ನೋ ಹೊತ್ತಿಗೆ ಭಾಳ ಹತ್ರ ಬಂದಿರ್ತೈತಿ' ಅಂದರು. ಪಕ್ಕಕ್ಕೆ ಮಲಗಿಯೇ ಹೆತ್ತೆ. ಮೇಲಿಂದ ಹೊಟ್ಟೆ ಒತ್ತಲಿಲ್ಲ, ಕತ್ತರಿ ಹಾಕಲಿಲ್ಲ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಕೆಳಗೆ ಒತ್ತಿ ಹಿಡಿದಿದ್ದರು. ಚರ್ಮ ಸ್ವಲ್ಪ ಹರಿಯಿತು, ಮರಗಟ್ಟಿಸಿ ಹೊಲಿಗೆ ಹಾಕಿದರು.

ಮಗಳನ್ನು ಎದೆಯ ಮೇಲಿಟ್ಟು, ಹೊಕ್ಕಳುಬಳ್ಳಿಯ ಮಿಡಿತ ನಿಂತ ಮೇಲೆ ಕತ್ತರಿಸಿದರು. ಅಷ್ಟರಲ್ಲೇ ನನ್ನ ತೊಡೆಗೆ ಆಕ್ಸಿಟೋಸಿನ್ ಇಂಜೆಕ್ಷನ್ ಆಗಿತ್ತು. ಅತ್ತೆಯವರ ಭಯಕ್ಕೆ ಉತ್ತರ ಇದೇ. ಅದು ಗರ್ಭಕೋಶವನ್ನು ಬಿಗಿ ಮಾಡಿ ರಕ್ತ ತಡೆಯುತ್ತದೆ. ಮಾಸು ಪೂರ್ತಿ ಬಂದಿದೆಯಾ ಅಂತ ತಿರುವಿ ನೋಡಿದರು. ಆಮೇಲೂ ಮತ್ತೆ ಮತ್ತೆ ಬಂದು ಹೊಟ್ಟೆ ಮುಟ್ಟಿ, ಬಟ್ಟೆ ನೋಡಿ ಹೋಗುತ್ತಿದ್ದರು.

ನಿಮ್ಮೂರ ಹತ್ತಿರ ಇಂಥ ಕಡೆ ಇಲ್ಲದಿದ್ದರೂ ಒಂದನ್ನು ಮೊದಲೇ ಕೇಳಿಟ್ಟುಕೊಳ್ಳಿ: ಹೆರಿಗೆ ಕೋಣೆಗೆ ನನ್ನ ಜೊತೆ ಅವ್ವನನ್ನೋ ಅಕ್ಕನನ್ನೋ ಬಿಡ್ತೀರಾ? ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಅವಕಾಶ ಇದೆ.