ಈರ್ಚ ಮಿಲ್ಲಿಗೆ ಹೋಗದ ಹಲಸು: ಕೈಗರಗಸದಲ್ಲಿ ಉರುಳಿಸಿ ಸೀಳುವ ಕ್ರಮ

ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯ ಗುಡ್ಡೆಗಳಲ್ಲಿ ಲಾರಿ ಇಳಿಯದ ಜಾಗ ಈಗಲೂ ಉಂಟು. ಅಲ್ಲಿಂದ ಈರ್ಚ ಮಿಲ್ಲಿಗೆ, ಅಂದರೆ ಮರ ಸೀಳುವ ಮಿಲ್ಲಿಗೆ, ದಿಮ್ಮಿ ಎಳೆಯುವುದಕ್ಕಿಂತ ಬಿದ್ದಲ್ಲೇ ಹಲಗೆ ಮಾಡಿ ಹೊರುವುದು ಸುಲಭ. ಕಾಡಿನ ಕೂಪುಗಳಲ್ಲಿ (ಮರ ಕಡಿಯಲು ಗುರುತಿಸಿದ ಜಾಗಗಳಲ್ಲಿ) ಬಿಡಾರ ಹೂಡಿ ದುಡಿಯುತ್ತಿದ್ದವರ ಕೆಲಸವೂ ಹೀಗೇ ಇತ್ತು: ಇಬ್ಬರು ಆಳು, ಒಂದು ಗರಗಸ. ಮಳೆಗಾಲದಲ್ಲಿ ಕೂಪಿಗೆ ರಜೆ. ನೀವೂ ಬೇಸಿಗೆಯಲ್ಲೇ ಶುರು ಮಾಡಿ. ಅಮಾವಾಸ್ಯೆ ನೋಡಿ ಕಡಿದರೆ ಕುಟ್ಟೆ (ಮರ ಕೊರೆಯುವ ಹುಳ) ಹಿಡಿಯುವುದಿಲ್ಲ ಎನ್ನುವವರಿದ್ದಾರೆ. ಕುಟ್ಟೆ ಹಿಡಿಯುವುದು ಹೊರಗಿನ ಬಿಳಿ ಭಾಗಕ್ಕೆ, ಅದನ್ನು ಕೆತ್ತಿ ತೆಗೆದರೆ ಯಾವ ತಿಥಿಯಾದರೂ ಆದೀತು.

ಮರ ತೇಗ, ಬೀಟಿ, ಗಂಧ ಆಗಿದ್ದರೆ ಪಟ್ಟೆ (ಜಾಗದ ಹಕ್ಕುಪತ್ರ) ಹಿಡಿದು ವಿಲೇಜ್ ಆಫೀಸಿನಲ್ಲೂ ಫಾರೆಸ್ಟ್ ಆಫೀಸಿನಲ್ಲೂ ಕೇಳದೆ ಕೊಡಲಿ ಎತ್ತಬೇಡಿ. ಕರೆಂಟಿನ ಲೈನು ಹತ್ತಿರವಿದ್ದರೆ ಮೊದಲು ಅದನ್ನು ಆಫ್ ಮಾಡಿಸಬೇಕು.

ಲೆಕ್ಕಕ್ಕೆ ಸುತ್ತಳತೆ 60 ಇಂಚಿನ ಮರ ಎಂದಿಟ್ಟುಕೊಳ್ಳಿ. ಅಡ್ಡಳತೆ ಸುಮಾರು 19 ಇಂಚು. ದೂರ ನಿಂತು ತೂಗುಗುಂಡು ಹಿಡಿದು ಮರ ಯಾವ ಕಡೆ ವಾಲಿದೆ ನೋಡಿ. ವಾಲಿದ ಕಡೆಗೆ ಅಡಿಕೆ ತೋಟವಿದ್ದರೆ ಆ ಬದಿಯ ಕೊಂಬೆ ಇಳಿಸಿ, ಎತ್ತರದಲ್ಲಿ ಹಗ್ಗ ಕಟ್ಟಿ ಬೇಕಾದ ಕಡೆಗೆ ಎಳೆಯಲು ಜನ ಇಡಿ. ಎಳೆಯುವವರು ಮರದ ಎತ್ತರಕ್ಕಿಂತ ದೂರ ನಿಲ್ಲಬೇಕು.

ಬೀಳುವ ಕಡೆ ಕೊಡಲಿಯಲ್ಲಿ ಬಾಯಿ ಕಡಿಯಿರಿ: ಅಡ್ಡಳತೆಯ ಕಾಲು ಭಾಗ, ಅಂದರೆ 5 ಇಂಚು ಆಳ. ಗರಗಸ ಹಾಕುವುದು ಎದುರು ಬದಿಯಿಂದ, ಬಾಯಿಯ ತಳಕ್ಕಿಂತ 2 ಇಂಚು ಮೇಲೆ. ಎರಡು ಕಚ್ಚಿನ ನಡುವೆ ಸುಮಾರು 2 ಇಂಚು ಮರ ಉಳಿಯಲೇಬೇಕು. ಬಾಗಿಲಿನ ತಿರುಗಣೆಯಂತೆ ಅದೇ ಮರವನ್ನು ಹಿಡಿದು ಇಳಿಸುತ್ತದೆ. ಆಸೆಯಿಂದ ಇನ್ನೆರಡು ಎಳೆತ ಎಳೆದು ಅದನ್ನೂ ಕೊಯ್ದರೆ ಮರ ತನಗಿಷ್ಟ ಬಂದ ಕಡೆ ತಿರುಗುತ್ತದೆ. ವಾಲಿದ ಮರಕ್ಕೆ ಬಾಯಿ ತೀರಾ ಸಣ್ಣದಾದರೆ ಬೊಡ್ಡೆ ಉದ್ದಕ್ಕೆ ಸೀಳಿ ಹಿಂದಿದ್ದವನ ಎದೆಗೆ ಚಿಮ್ಮುತ್ತದೆ. ಗರಗಸ ಅರ್ಧ ಒಳಗೆ ಹೋದ ಕೂಡಲೆ ಹಿಂದಿನಿಂದ ಬೆಣೆ ಹೊಡೆಯಿರಿ, ಇಲ್ಲದಿದ್ದರೆ ಅಲಗು ಸಿಕ್ಕಿಬೀಳುತ್ತದೆ. ಚಟಚಟ ಸದ್ದು ಕೇಳಿತೋ, ಗರಗಸ ಬಿಟ್ಟು ಹಿಂದಕ್ಕೆ ಓರೆಯಾಗಿ ಓಡಿ. ನೇರ ಹಿಂದೆ ಓಡಬೇಡಿ.

ಬಿದ್ದ ಮೇಲೆ 10 ಅಡಿಗೆ ತುಂಡು ಮಾಡಿ. ಘನ ಅಡಿ ಲೆಕ್ಕ: ನಡುಮಧ್ಯದ ಸುತ್ತಳತೆಯ ಕಾಲು ಭಾಗ 15, 15×15×10ನ್ನು 144ರಿಂದ ಭಾಗಿಸಿದರೆ 15.6. ಈ ಕಾಲುಸುತ್ತಿನ ಲೆಕ್ಕ ನಿಜವಾದ ಗಾತ್ರಕ್ಕಿಂತ ಐದನೇ ಒಂದು ಪಾಲಿನಷ್ಟು ಕಡಿಮೆ ತೋರಿಸುತ್ತದೆ, ಅದು ಸೀಳುವಾಗ ಹೋಗುವ ಪಾಲು ಎಂಬುದು ವ್ಯಾಪಾರದ ರೂಢಿ. ತುದಿಯ ಸಣ್ಣ ಕಡೆ ಟೇಪು ಹಿಡಿಯಲು ಬಿಟ್ಟರೆ ಮಾರುವವನಿಗೆ ನಷ್ಟ.

ಸೀಳಲು ಮುರಕಲ್ಲಿನ (ಕೆಂಪುಕಲ್ಲಿನ) ನೆಲದಲ್ಲಿ ಆಳು ನಿಲ್ಲುವಷ್ಟು, 6 ಅಡಿ ಗುಂಡಿ ತೋಡುವುದು ವ್ಯರ್ಥ ಬೆವರು. ಇಳಿಜಾರಿನಲ್ಲಿ ದಿಮ್ಮಿಯ ಒಂದು ತುದಿಯನ್ನು ದರೆಯ ಮೇಲೆ, ಇನ್ನೊಂದನ್ನು ಕತ್ತರಿಯಂತೆ ಅಡ್ಡಡ್ಡ ಕಟ್ಟಿದ ಗಟ್ಟಿ ಕಂಬಗಳ ಕತ್ತರಿಗಾಲಿನ ಮೇಲೆ ಕೂರಿಸಿ, ಅಲುಗದಂತೆ ಬಿಗಿಯಿರಿ. ಎರಡೂ ತುದಿಗೆ ತೂಗುಗುಂಡಿನಿಂದ ಗೆರೆ ಹಾಕಿ, ಇದ್ದಿಲ ನೀರಲ್ಲಿ ಅದ್ದಿದ ನೂಲನ್ನು ಬಿಗಿದು ಮೀಟಿದರೆ ಉದ್ದಕ್ಕೆ ಕಪ್ಪು ಗೆರೆ ಬೀಳುತ್ತದೆ. ಮೇಲಿನವನು ಗೆರೆ ಕಾಯುತ್ತಾನೆ, ಕೆಳಗಿನವನು ಎಳೆಯುತ್ತಾನೆ. ಕೊಯ್ಯುವುದು ಕೆಳಮುಖದ ಎಳೆತ ಮಾತ್ರ. ಮೇಲೆತ್ತುವಾಗ ಒತ್ತಿದರೆ ತೋಳು ಬೀಳುತ್ತದೆಯೇ ಹೊರತು ಮರ ಕೊಯ್ಯುವುದಿಲ್ಲ. ಕೆಳಗಿನವನು ತಲೆಗೆ ಬೈರಾಸು (ಟವೆಲು) ಸುತ್ತಿಕೊಂಡು ಮುಖ ತಗ್ಗಿಸಿರಬೇಕು, ಹುಡಿ ನೇರ ಕಣ್ಣಿಗೇ ಉದುರುತ್ತದೆ.

ಗೆರೆ ಬಿಟ್ಟು ಒಂದೇ ಕಡೆ ಜಾರುತ್ತಿದ್ದರೆ ತಪ್ಪು ಕೈಯದಲ್ಲ, ಹಲ್ಲಿನದು. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಸಮನಾಗಿ ಬಾಗಿರಬೇಕು. ಯಾವ ಬದಿ ಹೆಚ್ಚು ಬಾಗಿದೆಯೋ ಆ ಬದಿಗೆ ಗರಗಸ ಎಳೆಯುತ್ತದೆ. ಹಲಸಿನ ಮೇಣ ಅಲಗಿಗೆ ಕಟ್ಟಿದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ.

ಹಲಗೆಗಳನ್ನು ನೆರಳಲ್ಲಿ, ನೆಲದಿಂದ ಒಂದಡಿ ಮೇಲೆ ಅಟ್ಟಿಯಿಡಿ. ಹಲಗೆಗಳ ನಡುವೆ 2 ಅಡಿಗೊಂದು ಮರದ ಪಟ್ಟಿ ಕೊಡಿ; ಪಟ್ಟಿಗಳು ಒಂದರ ಮೇಲೊಂದು ನೇರ ಬರಬೇಕು, ತಪ್ಪಿದರೆ ಹಲಗೆ ಅಲ್ಲೇ ಬಾಗುತ್ತದೆ. ತುದಿಗಳಿಗೆ ಹಳೆ ಪೇಂಟು ಬಳಿದರೆ ಬಿರುಕು ಕಡಿಮೆ.